ಮಗನ ಅಂದ್ರ ಸಿಟ್ಟಿಲ್ಲ, ರೀ ಅಂದ್ರ ಸಿಟ್ಟು!

ಹುಬ್ಬಳ್ಳಿಯಲ್ಲಿ ಯಾರಾದರೂ ನಿಮ್ಮನ್ನು ‘ಬರ್ರಿ, ಕೂಡ್ರಿ, ಚಾ ತಗೋರಿ’ ಎಂದು ಉಪಚಾರ ಮಾಡಿದರೆ ಹಿಗ್ಗಬೇಡಿ. ನೀವಿನ್ನೂ ಹೊರಗಿನವರು ಎಂದರ್ಥ. ಅದೇ ಮನುಷ್ಯ ಆರು ತಿಂಗಳಾದ ಮೇಲೆ ‘ಬಾರಲೇ ಮಗನ, ಎಲ್ಲಿ ಹಾಳಾಗಿ ಹೋಗಿದ್ದಿ?’ ಎಂದನೋ, ಅಂದು ಆ ಬಾಕಿನ ಮೇಲೆ ಒಂದು ಗೇಣು ಜಾಗ ನಿಮ್ಮ ಹೆಸರಿಗೆ ರಿಜಿಸ್ಟರ್ ಆಯಿತು ಎಂದು ತಿಳಿಯಿರಿ. ಬೆಂಗಳೂರು, ಮೈಸೂರು ಕಡೆಯ ಓದುಗ ಮಿತ್ರರಿಗೆ ಇದು ವಿಚಿತ್ರ ಎನಿಸೀತು. ಏನು ಮಾಡುವುದು ಸ್ವಾಮಿ, ನಮ್ಮ ಸೀಮೆಯ ಪ್ರೀತಿಗೆ ಬೈಗುಳದ ಅಂಗಿ ತೊಡದೆ ಹೊರಗೆ ಬರಲು ನಾಚಿಕೆ!

ನಾನು ಹೇಳಹೊರಟಿರುವುದು ಅಂಥ ಒಂದು ಬಾಕಿನ ಕತೆ. ಅದು ಇದ್ದದ್ದು ಹುಬ್ಬಳ್ಳಿಯ ಒಂದು ಟಾಕೀಸಿನ ಎದುರಿಗಿನ ಚಾದಂಗಡಿಯ ಮುಂದೆ. ಟಾಕೀಸಿನ ಹೆಸರು ಬೇಡ. ಹೇಳಿದರೆ ಆ ಕಾಲದ ಉದ್ರಿ ಲೆಕ್ಕ ಹಿಡಿದುಕೊಂಡು ಯಾರಾದರೂ ಬಂದಾರು! ಅಪ್ಸರಾ, ಸುಧಾ, ಸುಜಾತಾ, ರೂಪಂ, ಅತ್ತ ಧಾರವಾಡದಲ್ಲಿ ವಿಜಯಾ, ಸಂಗಮ, ಪದ್ಮಾ... ಎಲ್ಲ ಟಾಕೀಸುಗಳ ಗಾಂಧಿ ಕ್ಲಾಸಿನ ಮಣ್ಣೂ ನಮ್ಮ ಪೈಜಾಮಾಕ್ಕೆ ಹತ್ತಿತ್ತು. ಆದರೆ ಊರ ತುಂಬ ಅಲೆದು ರಾತ್ರಿ ಬಂದು ಸೇರುವುದು ಮಾತ್ರ ಅದೇ ಬಾಕಿಗೆ. ಸಾಲಿ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು 1977ರ ಸುಮಾರಿಗೆ ಅಲ್ಲಿಗೆ ಹೋಗಿ ಬಿದ್ದೆ. ಬಿದ್ದವನು ಹದಿನೈದು ವರ್ಷ ಏಳಲಿಲ್ಲ.

ಒಂದು ಚಾಕ್ಕೆ ಇಬ್ಬರು. ಕಪ್ಪಿನಲ್ಲಿ ಒಬ್ಬ, ಬಶಿಯಲ್ಲಿ ಒಬ್ಬ. ಕಪ್ಪು ಇವತ್ತು ದುಡ್ಡು ಕೊಡುವವನಿಗೆ, ಬಶಿ ನಾಳೆ ಕೊಡುವವನಿಗೆ. ಆ ನಾಳೆ ಬಹಳ ಜನರ ಪಾಲಿಗೆ ಬರಲೇ ಇಲ್ಲ ಎಂಬುದು ಬೇರೆ ಮಾತು. ಚಾದಂಗಡಿ ಕಾಕಾ ಇದನ್ನೆಲ್ಲ ನೋಡಿಯೂ ನೋಡದಂತೆ ಸ್ಟೋವಿಗೆ ಗಾಳಿ ಹಾಕುತ್ತಿದ್ದ.

ಇನ್ನು ಮಂದಿ. ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು. ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ‘ಅಡ್ಡಹೆಸರು’ ಎಂದರೆ ಅಣಕದ ಹೆಸರಲ್ಲ, ಮನೆತನದ ಹೆಸರು. ಸಾಲಿ ಮಾಸ್ತರರು ಹಾಜರಿ ಕರೆಯುವಾಗ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ ಎಂದು ಶುರು ಮಾಡಿದರೆ ಹೊಸಬರಿಗೆ ಇದು ಕ್ಲಾಸೋ ಕಿರಾಣಿ ಅಂಗಡಿಯೋ ಎಂದು ಸಂಶಯ ಬರಬೇಕು! ಹುಟ್ಟುವಾಗಲೇ ಮೆಣಸಿನಕಾಯಿ ಎಂದು ಕರೆಸಿಕೊಂಡು ಬೆಳೆದವನಿಗೆ ಚಾಷ್ಟಿಯ ಭಯ ಎಲ್ಲಿಂದ ಬರಬೇಕು? ನಮ್ಮ ಮಂದಿ ಚಾಷ್ಟಿಯಲ್ಲಿ ಪಳಗಿದ್ದಕ್ಕೆ ಈ ಅಡ್ಡಹೆಸರುಗಳೂ ಒಂದು ಕಾರಣ ಎಂದು ನನ್ನ ಖಾಸಾ ಸಂಶೋಧನೆ. ಡಾಕ್ಟರೇಟ್ ಯಾರೂ ಕೊಟ್ಟಿಲ್ಲ.

ಆದರೆ ಬಾಕಿನ ಮೇಲೆ ಮನೆತನದ ಹೆಸರು ನಡೆಯುತ್ತಿರಲಿಲ್ಲ. ಅಲ್ಲಿ ಹೊಸ ನಾಮಕರಣ. ಅಣ್ಣಾವ್ರ ಕಟ್ಟಾ ಅಭಿಮಾನಿಯೊಬ್ಬನಿದ್ದ, ಅರಿವೆ ಅಂಗಡಿಯಲ್ಲಿ ಗುಮಾಸ್ತ. ರಾಜ್ ಚಿತ್ರದ ಆರನೇ ವಾರದ ಮ್ಯಾಟಿನಿಗೆ ಹದಿನೆಂಟು ಜನ ಕೂತಿದ್ದರೂ ಹೊರಗೆ ಬಂದು ‘ಹೌಸ್‌ಫುಲ್ ಲೇ!’ ಎನ್ನುವವನು. ಅವನು ಹೌಸ್‌ಫುಲ್. ವಿಷ್ಣುವರ್ಧನ್ ಭಕ್ತನೊಬ್ಬ ಧಾರವಾಡದಿಂದ ಬರುತ್ತಿದ್ದ, ಬುಕ್ ಬೈಂಡಿಂಗ್ ಕೆಲಸ. ತನ್ನ ಹೀರೋನಂತೆ ಕೈಗೆ ಕಡಗ ಹಾಕಿಕೊಂಡು ಅದನ್ನು ಮೇಲೆ ಕೆಳಗೆ ಜಾರಿಸುತ್ತಲೇ ಮಾತಾಡುವವನು. ಅವನು ಕಡಗ. ಶಂಕರ್‌ನಾಗ್ ಪಟ ಅಂಟಿಸಿಕೊಂಡ ಆಟೋದವನೊಬ್ಬ. ಮೀಟರು ಎಂದೂ ಸುರು ಇರುತ್ತಿರಲಿಲ್ಲ, ಆದ್ದರಿಂದಲೇ ಮೀಟರ್. ಹಿಂದಿ ಬಿಟ್ಟು ಬೇರೆ ನೋಡದವ ಬಚ್ಚನ್. ಐದಡಿ ಎರಡಿಂಚು ಇದ್ದ!

ನನಗಿಟ್ಟ ಹೆಸರು ಪೋಸ್ಟ್‌ಕಾರ್ಡ್. ಪತ್ರಿಕೆಗಳ ಪ್ರಶ್ನೋತ್ತರ ಪುಟಕ್ಕೆ ವಾರಕ್ಕೆ ಮೂರರಂತೆ ಕಾರ್ಡು ಗೀಚಿ ಹಾಕುವ ರೋಗ ನನಗೆ. ಆ ಕಾಲದಲ್ಲಿ ಆ ಪುಟಗಳದೇ ಒಂದು ಲೋಕ. ‘ಸುಧಾ’ದಲ್ಲಿ ಬೀಚಿಯವರು ‘ನೀವು ಕೇಳಿದಿರಿ’ ಎಂದು ಉತ್ತರ ಕೊಟ್ಟು ಓದುಗರ ಕಿವಿ ಹಿಂಡುತ್ತಿದ್ದದ್ದು, ಆಮೇಲೆ ಅವು ‘ಉತ್ತರ ಭೂಪ’ ಎಂದು ಪುಸ್ತಕವಾದದ್ದು ಹಳಬರಿಗೆ ನೆನಪಿದೆ. ಸಿನಿಮಾ ಪತ್ರಿಕೆಗಳಲ್ಲೂ ಅದೇ ದಾರಿ. ಪ್ರತಿ ವಾರ ಅದೇ ಊರು, ಅದೇ ಹೆಸರುಗಳು. ಮುಖ ನೋಡದ ದಾವಣಗೆರೆಯವನೊಬ್ಬ, ಶಿವಮೊಗ್ಗದವನೊಬ್ಬ ನಮಗೆ ಸ್ನೇಹಿತರಂತೆ ಆಗಿದ್ದರು. ಉತ್ತರ ಬರೆಯುವ ಸಂಪಾದಕ ಮಹಾಶಯರು ಅವರನ್ನು ಹೆಸರು ಹಿಡಿದು ಕಾಡಿದರೆ ನಾವು ಚಾದಂಗಡಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದೆವು. ಬೈಸಿಕೊಂಡವನು ಮುಂದಿನ ವಾರ ಇನ್ನಷ್ಟು ಉಮೇದಿನಿಂದ ಹಾಜರ್!

ಒಮ್ಮೆ ನನ್ನ ಕಾರ್ಡೂ ಅಚ್ಚಾಯಿತು. ನಮ್ಮ ಮೂಲ ಊರು ಕುಂದಗೋಳ. ಬೆಂಗಳೂರಿನವರ ಠೀವಿಯಲ್ಲಿ ಹೆಸರಿನ ಹಿಂದೆ ‘ಕು.’ ಎಂದು ಬರೆದಿದ್ದೆ. ಮನೆಯವರು ಇಟ್ಟ ಹೆಸರೋ, ಗಂಡಿಗೂ ಸೈ ಹೆಣ್ಣಿಗೂ ಸೈ. ಪತ್ರಿಕೆಯವರು ಆ ‘ಕು.’ ಅನ್ನು ಬಿಡಿಸಿ ‘ಕುಮಾರಿ’ ಎಂದು ಅಚ್ಚು ಹಾಕಿ, ಕೆಳಗೆ ಊರು ಓಣಿ ಸಮೇತ ವಿಳಾಸವನ್ನೂ ಕೊಟ್ಟುಬಿಟ್ಟರು. ಹದಿನೈದು ದಿನದಲ್ಲಿ ಪತ್ರಮೈತ್ರಿ ಬಯಸಿ ಹನ್ನೊಂದು ಕಾಗದ! ಒಬ್ಬ ಪುಣ್ಯಾತ್ಮ ಫೋಟೋ ಕೂಡ ಇಟ್ಟಿದ್ದ, ತಲೆ ತುಂಬ ಎಣ್ಣೆ, ಹಿಂದೆ ಸ್ಟುಡಿಯೋದ ತಾಜಮಹಲು. ಆ ಹನ್ನೊಂದನ್ನೂ ಹೌಸ್‌ಫುಲ್ ಬಾಕಿನ ಮೇಲೆ ನಿಂತು, ಅಂತಃಪುರದ ಗೀತೆಯಂತೆ ರಾಗ ಎಳೆದು ಓದಿದ. ಒಂದು ವರ್ಷ ಪೂರ್ತಿ ನಾನು ಬಂದ ಕೂಡಲೆ ಐದೂ ಜನ ಎದ್ದು ‘ಲೇಡೀಸ್ ಬಂದ್ರು, ಜಾಗಾ ಬಿಡ್ರಿ’ ಎನ್ನುವುದು. ಕಾಕಾ ಕೂಡ ‘ಬೇಬಿಗೆ ಸಕ್ಕರಿ ಎಷ್ಟು?’ ಎಂದ! ನನಗೆ ಸಿಟ್ಟು ಬಂದಿತೇ? ಬಂತು, ಮೂರು ದಿನ. ನಾಲ್ಕನೆಯ ದಿನ ಆ ಫೋಟೋದವನಿಗೆ ಹೌಸ್‌ಫುಲ್‌ನ ವಿಳಾಸದಿಂದಲೇ ಒಂದು ಪ್ರೇಮಪತ್ರ ಹಾಕಿದೆ. ಮುಂದಿನ ತಿಂಗಳು ಆ ಪುಣ್ಯಾತ್ಮ ಹೌಸ್‌ಫುಲ್‌ನ ಮನೆ ಬಾಗಿಲಿಗೆ ಹೂವಿನ ಸಮೇತ ಬಂದು ನಿಂತ ಎಂದು ಮಾತ್ರ ಹೇಳುತ್ತೇನೆ. ಉಳಿದದ್ದು ಸೆನ್ಸಾರ್.

ಬಾಕಿನ ಇನ್ನೊಂದು ಆಟ ಚಿತ್ರದ ಹೆಸರುಗಳಲ್ಲೇ ಮಾತಾಡುವುದು. ಕೊನೆಯ ಬಸ್ಸು ತಪ್ಪಿ ಧಾರವಾಡಕ್ಕೆ ನಡೆದು ಹೊರಟ ಕಡಗನಿಗೆ ‘ಬಯಲು ದಾರಿ’. ಮನೆಯಲ್ಲಿ ಬೈಸಿಕೊಂಡು ಬಂದವನಿಗೆ ‘ದಾರಿ ತಪ್ಪಿದ ಮಗ’. ಕಾಕಾ ಉದ್ರಿ ಕೇಳಿದರೆ ಎಲ್ಲರೂ ಒಂದೇ ಕಂಠದಲ್ಲಿ ‘ಸಂಪತ್ತಿಗೆ ಸವಾಲ್!’. ಈ ಕೊನೆಯದರ ಬಗ್ಗೆ ಹೌಸ್‌ಫುಲ್‌ನಿಗೂ ಮಿಕ್ಕವರಿಗೂ ಕಾಯಂ ಜಗಳ. ಅಣ್ಣಾವ್ರ ಆ ಚಿತ್ರ 1974ರದು. ಕತೆ ನಮ್ಮ ಕಡೆಯ ನಾಟಕಕಾರ ಪಿ.ಬಿ. ಧುತ್ತರಗಿಯವರದು. ‘ಕತಿ ನಮ್ಮದು, ಎಮ್ಮಿ ನಮ್ಮದು, ಹಾಡಿದಾವ ಅಷ್ಟ ನಿಮ್ಮವ’ ಎಂದು ಕಡಗ ಚುಚ್ಚುವನು. ‘ಹಾಡಾಕ ನಿಮ್ಮವಗ ಬರಬೇಕಲ್ಲೋ’ ಎಂದು ಹೌಸ್‌ಫುಲ್ ತಿರುಗಿಸಿ ಕೊಡುವನು.

ರಾಜ್ ದೊಡ್ಡವರೋ ವಿಷ್ಣು ದೊಡ್ಡವರೋ ಎಂಬ ವಾದಕ್ಕೆ ಮೂಲ 1973ರ ‘ಗಂಧದ ಗುಡಿ’. ಇಬ್ಬರೂ ಕೂಡಿ ನಟಿಸಿದ ಒಂದೇ ಒಂದು ಚಿತ್ರ. ಆಮೇಲೆ ಅಭಿಮಾನಿಗಳ ನಡುವೆ ಎಷ್ಟು ವಿಷ ಹರಿದಾಡಿತು, ಎಷ್ಟು ಪೋಸ್ಟರು ಹರಿದವು ಎಂಬುದು ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ. ನಮ್ಮ ಬಾಕಿನ ಮೇಲೂ ಅದೇ ಇಬ್ಬರು ಹೀರೋಗಳು, ಅದೇ ಜಗಳ. ಆದರೆ ಒಂದು ದಿನವೂ ಕೈ ಎತ್ತಲಿಲ್ಲ. ಯಾಕೆಂದರೆ ಸಿಟ್ಟು ಕೈಗೆ ಇಳಿಯುವ ಮೊದಲೇ ನಾಲಿಗೆಯಲ್ಲಿ ಖರ್ಚಾಗಿ ಹೋಗುತ್ತಿತ್ತು. 1984ರಲ್ಲಿ ‘ಬಂಧನ’ ಬಂದಾಗ ಹೌಸ್‌ಫುಲ್ ‘ನಾ ನೋಡಂಗಿಲ್ಲ’ ಎಂದು ಆಣೆ ಮಾಡಿದ. ಎರಡನೇ ವಾರ ಧಾರವಾಡದ ಟಾಕೀಸೊಂದರಿಂದ ಕಣ್ಣೊರೆಸಿಕೊಳ್ಳುತ್ತ ಹೊರಬರುವಾಗ ಕಡಗನ ಕೈಗೇ ಸಿಕ್ಕಿಬಿದ್ದ. ‘ಕಣ್ಣಾಗ ಕಸ ಬಿದ್ದಿತ್ತು’ ಎಂದನಂತೆ. ಅಂದಿನಿಂದ ಯಾರಾದರೂ ಅಳುಮೋರೆ ಮಾಡಿದರೆ ನಮ್ಮಲ್ಲಿ ‘ಕಸ ಬಿತ್ತೇನಲೇ?’ ಎಂಬುದೇ ಮಾತು.

1982ರಲ್ಲಿ ಗೋಕಾಕ ಚಳವಳಿ ನಡೆದಾಗ ಮಾತ್ರ ಕೆಲವು ವಾರ ಈ ಯುದ್ಧಕ್ಕೆ ವಿರಾಮ. ಚಳವಳಿಯ ಕಿಡಿ ಹಾರಿದ್ದು ಧಾರವಾಡದ ಸಾಹಿತಿಗಳಿಂದ. ಅದು ಬೆಂಕಿಯಾದದ್ದು ರಾಜ್ ಬೀದಿಗಿಳಿದ ಮೇಲೆ. ಅಷ್ಟು ದಿನ ಕಡಗ ಕೂಡ ‘ಅಣ್ಣಾವ್ರು’ ಎಂದ. ಅವನ ಬಾಯಲ್ಲಿ ಆ ಶಬ್ದ ಕೇಳಿ ಹೌಸ್‌ಫುಲ್‌ನಿಗೆ ಖುಷಿಗಿಂತ ಗಾಬರಿಯೇ ಹೆಚ್ಚಾಗಿ, ‘ಇವಗ ಆರಾಮ ಇಲ್ಲ ಕಾಣತೈತಿ, ದವಾಖಾನಿಗೆ ಕರಕೊಂಡ ಹೋಗೂನು’ ಎಂದ.

ಕಡಗ ನಮಗಿಂತ ಸ್ವಲ್ಪ ಮೇಲ್ಮಟ್ಟದ ಚಾಷ್ಟಿ ಬಲ್ಲವನು. ಕಾರಣ ಅವನ ಊರು. ‘ಧಾರವಾಡದಾಗ ಕಲ್ಲ ಒಗದ್ರ ಕವಿ ಮನಿ ಮ್ಯಾಲ ಬೀಳತೈತಿ’ ಎಂಬ ಗಾದೆ ಇದೆಯಲ್ಲ, ಅದಕ್ಕೆ ಮೀಟರ್‌ನ ತಿದ್ದುಪಡಿ: ‘ಹುಬ್ಬಳ್ಳ್ಯಾಗ ಒಗದ್ರ ಆ ಕಲ್ಲಿಗೆ ಎಷ್ಟ ರೇಟು ಅಂತ ಕೇಳತಾರ!’ 1962ರಿಂದ ಎರಡೂ ಊರಿಗೆ ಒಂದೇ ಮಹಾನಗರಪಾಲಿಕೆ. ಆದರೆ ನಡುವಿನ ಇಪ್ಪತ್ತು ಕಿಲೋಮೀಟರ್ ಜಗಳ ಹಾಗೆಯೇ ಉಳಿದಿದೆ. ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಪ್ರಕಾಶನ. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡ ಮುಂತಾದವರು ಕೂಡುತ್ತಿದ್ದ ಜಾಗ. ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಅಚ್ಚಾದದ್ದು ಇಲ್ಲಿಂದ, 1961ರಲ್ಲಿ. ಮುಂದೆ 1970ರಲ್ಲಿ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರಾಗಿ ಅವರು ತೆರೆಗೆ ಬಂದದ್ದು, ಆ ಚಿತ್ರಕ್ಕೆ ಸ್ವರ್ಣಕಮಲ ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. ಆ ಅಟ್ಟದ ಹರಟೆ, ನಗೆ ಊರಿಗೇ ಪ್ರಸಿದ್ಧ. ಜೋಶಿಯವರು ತಮಗೆ ತಾವೇ ಇಟ್ಟುಕೊಂಡ ಕಾವ್ಯನಾಮ ‘ಜಡಭರತ’. ಎಂದರೆ ಮಂದಿ ಇಡುವ ಮೊದಲು ತಾವೇ ಇಟ್ಟುಕೊಂಡುಬಿಟ್ಟರು! ‘ಸಂಕ್ರಮಣ’ದಲ್ಲಿ ಚಂಪಾ ಅವರ ಲೇಖನಿಗಂತೂ ದೊಡ್ಡವರು ಚಿಕ್ಕವರು ಎಂಬ ಭೇದವೇ ಇರಲಿಲ್ಲ. ಕಡಗ ಇದನ್ನೆಲ್ಲ ಹೇಳಿ, ‘ಅವರು ಅಟ್ಟದ ಮ್ಯಾಲ ಕುಂತ ಮಾಡತಾರ, ನಾವು ಗಟಾರದ ಬಾಜೂಕ ಕುಂತ ಮಾಡತೇವಿ, ಇಷ್ಟ ಫರಕು’ ಎನ್ನುತ್ತಿದ್ದ.

ಹಾಗೆಂದು ಬಾಕಿನ ಮೇಲೆ ಏನು ಬೇಕಾದರೂ ನಡೆಯುತ್ತಿತ್ತು ಎಂದುಕೊಳ್ಳಬೇಡಿ. ಬಾಯಿಬಿಟ್ಟು ಯಾರೂ ಹೇಳದ ಕಾಯಿದೆ ಇತ್ತು. ಹೀರೋ, ಅಂಗಿ, ಹೇರ್‌ಸ್ಟೈಲು, ಸುಳ್ಳು, ಗೊರಕೆ, ಸಾಲ ಎಲ್ಲದಕ್ಕೂ ಮುಕ್ತ ಪರವಾನಗಿ. ಜಾತಿ, ಮನೆಯ ಹೆಣ್ಣುಮಕ್ಕಳು, ಮೈಯಲ್ಲಿರುವ ಊನ ಇವುಗಳಿಗೆ ಕೈ ಹಚ್ಚಬಾರದು. ಒಮ್ಮೆ ಕಾಲೇಜಿನ ಹುಡುಗನೊಬ್ಬ ಹೊಸದಾಗಿ ಬರತೊಡಗಿದ್ದ. ಒಳ್ಳೆಯ ಮಾತುಗಾರ, ಅನುಕರಣೆಯಲ್ಲಿ ಎತ್ತಿದ ಕೈ. ಎರಡು ವಾರ ನಮ್ಮನ್ನು ನಗಿಸಿ ನಗಿಸಿ ಸುಸ್ತು ಮಾಡಿದ. ಮೂರನೆಯ ವಾರ, ಕಪ್ಪು ತೊಳೆಯುವ ಪೋರ ನಡೆಯುವಾಗ ಕಾಲು ಎಳೆಯುತ್ತಿದ್ದನಲ್ಲ, ಅದರ ನಕಲು ಮಾಡಿ ತೋರಿಸಿದ. ಒಂದಿಬ್ಬರು ನಕ್ಕರೂ ನಕ್ಕರು. ಕಾಕಾ ಒಲೆ ಬಿಟ್ಟು ಬಂದು ಅವನ ಕೈಯಿಂದ ಅರ್ಧ ಕುಡಿದ ಕಪ್ಪು ಇಸಿದುಕೊಂಡು ಗಟಾರಕ್ಕೆ ಚೆಲ್ಲಿದ. ‘ಆ ಪೋರ ನಿನಗ ತಿರುಗಿ ಅನ್ನಾಕ ಬರತೈತೇನು? ಬರಂಗಿಲ್ಲಲ್ಲ? ಹಂಗಾರ ನಡಿ’ ಎಂದ. ಅಷ್ಟೇ. ಹುಡುಗ ಮತ್ತೆ ಬರಲಿಲ್ಲ. ಟಾಕೀಸಿನ ಎದುರು ಹಾದುಹೋಗುವ ಹುಡುಗಿಯರ ಬಗ್ಗೆ ನಮ್ಮವರು ಆಡುತ್ತಿದ್ದ ಮಾತಿಗೂ ಕಾಕಾನ ಇದೇ ಅಳತೆಗೋಲು ಹಚ್ಚಿದರೆ ನಾಲ್ಕು ಜನರ ಚಾ ಗಟಾರಕ್ಕೆ ಹೋಗಬೇಕಿತ್ತು. ಅಲ್ಲಿ ಕಾಕಾ ರೇಡಿಯೋದ ದನಿ ಏರಿಸುತ್ತಿದ್ದ, ಅಷ್ಟೇ. ಸಾಲದಿತ್ತು ಎಂದು ಈಗಲೂ ನನ್ನ ಅಭಿಪ್ರಾಯ.

ಈಗ ಇಂಟರ್‌ವಲ್‌ನ ವಿಷಯಕ್ಕೆ ಬರುತ್ತೇನೆ. ಅವನ ಸಲುವಾಗಿಯೇ ಇಷ್ಟು ಬರೆದದ್ದು.

ಹುಬ್ಬಳ್ಳಿ ಹತ್ತಿಯ ಪೇಟೆ. ಊರಿನ ಒಂದು ಗಿರಣಿಯಲ್ಲಿ ಅವನು ಎರಡನೇ ಪಾಳಿಯ ಕೆಲಸಗಾರ. ಪಾಳಿ ಬಿಡುವುದು ರಾತ್ರಿ ಹನ್ನೊಂದಕ್ಕೆ. ಸೆಕೆಂಡ್ ಶೋ ಶುರುವಾಗುವುದು ಒಂಬತ್ತೂವರೆಗೆ. ಹೀಗಾಗಿ ಸೈಕಲ್ ತುಳಿದುಕೊಂಡು ಬಂದು ಟಾಕೀಸು ಮುಟ್ಟುವಾಗ ಸರಿಯಾಗಿ ಇಂಟರ್‌ವಲ್ ಗಂಟೆ! ತಲೆಯ ಮೇಲೆ, ಹುಬ್ಬಿನ ಮೇಲೆ ಬಿಳಿ ಅರಳೆ. ಅವನ ಟಿಕೀಟು ನಮ್ಮ ಕಿಸೆಯಲ್ಲಿ, ಗೇಟಿನವನಿಗೂ ರೂಢಿ. ಹೀಗೆ ಅವನು ವರ್ಷಾನುಗಟ್ಟಲೆ ಚಿತ್ರಗಳನ್ನು ನೋಡಿದ್ದು ಅರ್ಧರ್ಧ. ಮೊದಲರ್ಧದ ಕತೆಯನ್ನು ಹತ್ತು ನಿಮಿಷದಲ್ಲಿ ಶೇಂಗಾ ತಿನ್ನುತ್ತ ನಾವು ಹೇಳಬೇಕು.

ನಾವು ಹೇಳುತ್ತಿದ್ದೆವು. ನಿಜವನ್ನಲ್ಲ!

1978ರ ‘ಶಂಕರ್ ಗುರು’ ನೆನಪಿದೆಯಲ್ಲ, ಅಣ್ಣಾವ್ರದು ತ್ರಿಪಾತ್ರ. ‘ಮೂರೂ ಒಬ್ಬನ, ಪೊಲೀಸರ ಕಣ್ಣ ತಪ್ಪಸಾಕ ವೇಷ ಬದಲ್ ಮಾಡತಾನ’ ಎಂದು ಮೀಟರ್ ಗಂಭೀರವಾಗಿ ಹೇಳಿದ. ಪಾಪ, ನಂಬಿ ಕೂತ. ತೆರೆಯ ಮೇಲೆ ಇಬ್ಬರು ರಾಜ್‌ಕುಮಾರ್ ಒಟ್ಟಿಗೇ ಕಂಡರು ನೋಡಿ, ಇವನು ಎದ್ದು ನಿಂತು ‘ಲೇ, ಒಬ್ಬನ ಅಂದ್ರೆಲ್ಲಲೇ! ಇಬ್ಬರು ನಿಂತಾರಲ್ಲೋ!’ ಎಂದು ಕೂಗಿದ. ಗಾಂಧಿ ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಇನ್ನೊಂದು ಚಿತ್ರಕ್ಕೆ ಹೀರೋಯಿನ್ ಹೀರೋನ ಖಾಸಾ ತಂಗಿ ಎಂದು ಹೇಳಿಬಿಟ್ಟಿದ್ದೆವು. ಡ್ಯೂಯೆಟ್ ಶುರುವಾದಾಗ ಅವನು ಕಣ್ಣು ಮುಚ್ಚಿಕೊಂಡ!

ಅವನೇನು ಕಡಿಮೆಯೇ? ಅದೇ ವರ್ಷ ಕಾಶಿನಾಥರ ‘ಅಪರಿಚಿತ’ ಬಂತು, ಸಸ್ಪೆನ್ಸ್ ಚಿತ್ರ. ತನ್ನ ವಾರದ ರಜೆಯ ದಿನ ಒಬ್ಬನೇ ಮ್ಯಾಟಿನಿಗೆ ಹೋಗಿ ಪೂರ್ತಿ ನೋಡಿ ಬಂದ. ರಾತ್ರಿ ನಾವು ಒಳಗೆ ಹೋಗುವ ಮುಂಚೆ, ‘ಕೊಲಿಗಾರ ಯಾರು ಗೊತ್ತೇನು?’ ಎಂದು ಹೇಳಿಯೇಬಿಟ್ಟ. ನಾವು ಶಾಪ ಹಾಕುತ್ತ ಎರಡೂವರೆ ತಾಸು ಅದೇ ಪಾತ್ರದ ಮೇಲೆ ಕಣ್ಣಿಟ್ಟು ಕೂತೆವು. ಕೊನೆಗೆ ನೋಡಿದರೆ ಅವನು ಹೇಳಿದ ಮನುಷ್ಯ ಕೊಲೆಗಾರನೇ ಅಲ್ಲ! ಹೊರಗೆ ಬಂದಾಗ ಇವನು ಬಾಕಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಬೀಡಿ ಸೇದುತ್ತ ಕೂತಿದ್ದ.

1980ರ ದಶಕದ ನಡುಗಾಲದಲ್ಲಿ ಒಂದು ಶುಕ್ರವಾರ. ಇನ್ನೂ ಒಂಬತ್ತು ಗಂಟೆ. ನೋಡಿದರೆ ಇಂಟರ್‌ವಲ್ ಬಾಕಿನ ಮೇಲೆ ಕೂತಿದ್ದಾನೆ. ತಲೆ ಬಾಚಿದೆ, ಹುಬ್ಬಿನ ಮೇಲೆ ಅರಳೆಯಿಲ್ಲ.

‘ಏನಲೇ ಇಂಟರ್‌ವಲ್, ಇವತ್ತ ಟೈಟಲ್ಲಿಗೇ ಹಾಜರಾಗಿ? ಪಾಳಿ ಹಾರಿಸಿದಿ?’ ಎಂದ ಬಚ್ಚನ್.

‘ಗಿರಣಿಗೆ ಬೀಗ ಹಾಕ್ಯಾರ’ ಎಂದ.

ಯಾರೂ ಮಾತಾಡಲಿಲ್ಲ. ಆ ರಾತ್ರಿ ಅವನು ನಮ್ಮ ಜೊತೆ ಮೊದಲ ಸಲ ಚಿತ್ರದ ಹೆಸರು ಬೀಳುವುದರಿಂದ ಕೂತು ನೋಡಿದ. ಹೊರಗೆ ಬಂದ ಮೇಲೆ, ‘ಮದಲರ್ಧ ಇಷ್ಟ ಚಲೋ ಇರತೈತಿ ಅಂತ ಗೊತ್ತಿರಲಿಲ್ಲ ನೋಡ್ರಿ’ ಎಂದ. ಅದು ಚಾಷ್ಟಿಯೋ ಅಲ್ಲವೋ ತಿಳಿಯದೆ ನಾವು ನೆಲ ನೋಡಿದೆವು.

ಅಲ್ಲಿಂದ ಶುರುವಾಯಿತು ಅವನ ಶಿಕ್ಷೆ. ಮಂದಿ ಕೆಟ್ಟವರಾಗಲಿಲ್ಲ; ಅತಿ ಒಳ್ಳೆಯವರಾದರು! ಅವನು ಬಂದರೆ ಹೌಸ್‌ಫುಲ್ ಎದ್ದು ಜಾಗ ಕೊಡುವುದು. ‘ಬರ್ರಿ, ಕೂಡ್ರಿ, ಊಟ ಆತೇನ್ರಿ?’ ಎಂದು ಕೇಳುವುದು. ಇಂಟರ್‌ವಲ್ ಎಂದು ಕರೆಯುವಂತಿಲ್ಲ, ಕರೆದರೆ ಗಿರಣಿಯ ನೆನಪು. ಹೀಗಾಗಿ ಸಾಲಿಯ ಹಾಜರಿಯಲ್ಲಿರುವ ಅವನ ನಿಜವಾದ ಹೆಸರು ಹಿಡಿದು, ಅದಕ್ಕೆ ‘ಅವರೇ’ ಸೇರಿಸಿ ಮಾತಾಡಿಸಿದರು. ಬಶಿಯ ಬದಲು ದಿನಾ ಕಪ್ಪು. ಮೀಟರ್ ಅವನ ಮುಂದೆ ಹಣದ ಮಾತು ಬಂದರೆ ವಿಷಯ ಬದಲಿಸುವುದು. ಚಿತ್ರದ ಹೆಸರಿನ ಆಟದಲ್ಲಿ ಅವನ ಸರದಿ ಬಂದರೆ ಹಾರಿಸಿಬಿಡುವುದು. ಒಂದು ತಿಂಗಳು ಅವನು ಬರುತ್ತಿದ್ದ; ಆಮೇಲೆ ಎರಡು ದಿನಕ್ಕೊಮ್ಮೆ; ಆಮೇಲೆ ವಾರಕ್ಕೊಮ್ಮೆ. ಗಿರಣಿಯಿಂದ ಸಂಬಳವಿಲ್ಲದೆ ಮನೆಯಲ್ಲಿ ನಾಲ್ಕು ಬಾಯಿ. ಆ ಸುದ್ದಿ ನಮಗೆ ಬೇರೆಯವರಿಂದ ತಿಳಿಯುತ್ತಿತ್ತು. ಅವನ ಬಾಯಿಂದಲ್ಲ.

ಒಂದು ಮಳೆಗಾಲದ ರಾತ್ರಿ ತೊಯ್ದುಕೊಂಡು ಬಂದ. ಹೌಸ್‌ಫುಲ್ ಎದ್ದು, ತನ್ನ ಅಂಗಡಿಯ ಟವೆಲ್ ಚಾಚಿ, ‘ಒರಸ್ಕೋರಿ, ಥಂಡಿ ಆದೀತು, ಈ ಕಡೆ ಕೂಡ್ರಿ’ ಎಂದ.

ಅವನು ಟವೆ‍ಲ್ ತಗೊಂಡು ನೆಲಕ್ಕೆ ಒಗೆದ.

‘ಯಾಕಲೇ? ಯಾಕ ನನಗ ರೀ ಹಚ್ಚಾಕತ್ತೀರಿ? ನಾ ಏನು ಬೀಗನೋ, ಸಾಲಿ ಮಾಸ್ತರೋ? ಮನ್ಯಾಗ ಹೇಣ್ತಿ ಎದುರ ಮಾತಾಡಂಗಿಲ್ಲ, ಅವ್ವ ಬೈಯಂಗಿಲ್ಲ. ಇಲ್ಲಿ ಬಂದ್ರ ನೀವೂ ಹೆಣದ ಮುಂದ ಕುಂತಂಗ ಕುಂದರತೀರಿ. ನಾ ಸತ್ತೇನೇನು? ಗಿರಣಿ ಬಂದ್ ಆಗೇತಿ. ನಾ ಬಂದ್ ಆಗಿಲ್ಲ!’

ಮಳೆ ತಗಡಿನ ಮೇಲೆ ಸುರಿಯುತ್ತಿತ್ತು. ಕಾಕಾ ಒಲೆಯ ಮುಂದೆ ಹಾಗೆಯೇ ನಿಂತಿದ್ದ. ಯಾರಿಗೆ ಏನು ಹೇಳಬೇಕೋ ತೋಚದು. ಆಗ ನಮ್ಮ ಮೀಟರ್, ತನ್ನ ಜನ್ಮದಲ್ಲಿ ಒಂದು ಮಾತೂ ತೂಕ ಮಾಡಿ ಆಡದವನು, ನಿಧಾನಕ್ಕೆ ಬೀಡಿ ಆರಿಸಿ ಹೇಳಿದ:

‘ಏ ಟೈಟಲ್, ಅತ್ಲಾಗ ಸರಿ. ಬಾಕು ಏನು ನಿಮ್ಮ ಗಿರಣಿ ಮಾಲಕಂದೇನು?’

ಒಂದು ಕ್ಷಣ. ಅವನು ಮೀಟರ್‌ನ ಮುಖವನ್ನೇ ನೋಡಿದ. ಆಮೇಲೆ ಸರಿದು ಕೂತ.

‘ಅವಂದ ಆಗಿದ್ರ ಇಷ್ಟೊತ್ತಿಗೆ ಇದಕ್ಕೂ ಬೀಗ ಬಿದ್ದಿರತಿತ್ತು’ ಎಂದ.

ಆ ನಗು ಇದೆಯಲ್ಲ, ಅಂಥ ನಗು ನಾನು ಯಾವ ನರಸಿಂಹರಾಜು ಚಿತ್ರದಲ್ಲೂ ನಕ್ಕಿಲ್ಲ. ಬಚ್ಚನ್‌ನಿಗೆ ಕಣ್ಣಲ್ಲಿ ಕಸ ಬಿತ್ತು. ಅಂದಿನಿಂದ ಅವನ ಹೆಸರು ಟೈಟಲ್. ಬಶಿ ತಿರುಗಿ ಬಂತು. ಆದರೂ ಕಾಕಾ ಆಗಾಗ ಗುಟ್ಟಾಗಿ ಅವನಿಗೆ ಕಪ್ಪು ದಾಟಿಸುತ್ತಿದ್ದ. ಅದನ್ನು ಹಿಡಿದ ಮೀಟರ್ ‘ಟೈಟಲ್‌ಗೆ ಕಪ್ಪು, ನಮಗ ಬಶಿ! ನಮಗೂ ಒಂದ ಗಿರಣಿ ಬಂದ್ ಮಾಡಸು ಕಾಕಾ’ ಎಂದರೆ ಎಲ್ಲರಿಗಿಂತ ಮೊದಲು ನಕ್ಕವನು ಟೈಟಲ್. ಹೊರಗಿನವರು ಕೇಳಿದ್ದರೆ ನಮ್ಮನ್ನು ಕಟುಕರೆನ್ನುತ್ತಿದ್ದರು. ಅನ್ನಲಿ. ಅವನಿಗೆ ಧಾರವಾಡದ ಸೈಕಲ್ ಅಂಗಡಿಯಲ್ಲಿ ಕೆಲಸ ಹುಡುಕಿ ಕೊಟ್ಟವನು ಕಡಗ, ತಿಂಗಳಾನುಗಟ್ಟಲೆ ಪುಕ್ಕಟೆ ಆಟೋದಲ್ಲಿ ಬಿಟ್ಟು ಬಂದವನು ಅದೇ ಮೀಟರ್. ಮುಂದೆ ಟೈಟಲ್ ಅಲ್ಲಿಯೇ ಮನೆ ಮಾಡಿ ಭಾನುವಾರಕ್ಕೊಮ್ಮೆ ಮಾತ್ರ ಬರುವವನಾದ. ಬರುವಾಗ ಪೇಡೆ ತರಬೇಕೆಂದು ನಮ್ಮ ಹಟ. ತಂದದ್ದು ಎರಡೇ ಸಲ, ಜಿಪುಣ.

ಮೀಟರ್‌ನ ಸರದಿಯೂ ಬಂತು. 1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್‌ನಾಗ್ ಹೋದರು. ನಮ್ಮ ಕಡೆಗೇ, ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಬರುತ್ತಿದ್ದ ಮನುಷ್ಯ. ವಯಸ್ಸು 35. ಮೀಟರ್ ಆಟೋವನ್ನು ಚಾದಂಗಡಿಯ ಪಕ್ಕಕ್ಕೆ ಹಚ್ಚಿ, ಗಾಜಿನ ಮೇಲಿನ ‘ಆಟೋ ರಾಜ’ನ ಪಟಕ್ಕೆ ಒಂದು ಮಾಲೆ ಹಾಕಿ, ದಿನವಿಡೀ ಹಿಂದಿನ ಸೀಟಿನಲ್ಲಿ ಕೂತಿದ್ದ. ಡ್ರೈವರ್ ಸೀಟಿನಲ್ಲಿ ಕೂಡಲಿಲ್ಲ.

ಚಿತ್ರದ ಹೆಸರು ಸಿಕ್ಕರೆ ಹೆತ್ತವ್ವನನ್ನೂ ಬಿಡದ ಮಂದಿ ನಾವು. ಶಂಕರ್‌ನಾಗ್ 1985ರಲ್ಲಿ ನಿರ್ದೇಶಿಸಿದ ಒಂದು ಒಳ್ಳೆಯ ಚಿತ್ರದ ಹೆಸರು ‘ಆಕ್ಸಿಡೆಂಟ್’. ಅಂದು ಬಾಕಿನ ಮೇಲೆ ಕೂತ ಪ್ರತಿಯೊಬ್ಬನ ತಲೆಯಲ್ಲೂ ಆ ಹೆಸರು ಬಂದಿತ್ತು ಎಂದು ಬರೆದು ಕೊಡುತ್ತೇನೆ. ಒಬ್ಬನ ನಾಲಿಗೆಗೂ ಬರಲಿಲ್ಲ. ಅಂದಷ್ಟೇ ಅಲ್ಲ, ಆಮೇಲೆ ಎಂದೂ ಆ ಬಾಕಿನ ಮೇಲೆ ಆ ಹೆಸರನ್ನು ಯಾರೂ ಎತ್ತಿದ್ದಿಲ್ಲ. ಸಂಜೆ ಹೊತ್ತು ಮೀಟರ್ ತಾನೇ ಇಳಿದು ಬಂದು ಬಶಿ ಎತ್ತಿಕೊಂಡ. ‘ಮೀಟರ್ ಹಾಕದ ಓಡಿ ಹ್ವಾದ ನೋಡ್ರಿ ನಮ್ಮಪ್ಪ’ ಎಂದ. ಯಾರೂ ನಗಲಿಲ್ಲ, ಆದರೆ ಎಲ್ಲರೂ ಚಾ ಕುಡಿದರು. ಟೈಟಲ್ ಅವನ ಹೆಗಲ ಮೇಲೆ ಕೈ ಹಾಕಿ, ‘ಮೂವತ್ತ ವರ್ಷದಾಗ ಮುಗಸೂ ಕೆಲಸ ಹತ್ತರಾಗ ಮುಗಸಿದಾ. ನೀ ನೋಡು, ಹುಬ್ಬಳ್ಳಿಂದ ಉಣಕಲ್‌ಕ ಹೋಗಾಕ ಅರ್ಧಾ ದಿನಾ’ ಎಂದ. ಆಗ ಮೀಟರ್ ನಕ್ಕ, ಅತ್ತ, ಎರಡೂ.

ಆ ಬಾಕು ಈಗಿಲ್ಲ. ಅದರ ನಂತರದ ವರ್ಷಗಳಲ್ಲಿ ರಸ್ತೆ ಅಗಲವಾಗಿ ಚಾದಂಗಡಿ ಹೋಯಿತು. ಕಾಕಾ ಅದಕ್ಕೂ ಮೊದಲೇ ಹೋಗಿದ್ದ. ನಾವು ಊರಲ್ಲೇ ಅಲ್ಲಲ್ಲಿ ಚದುರಿದೆವು. ಹೌಸ್‌ಫುಲ್‌ನಿಗೂ ಕಡಗನಿಗೂ ಮಾತ್ರ ಜಗಳ ನಿಲ್ಲಲಿಲ್ಲ. ಫೋನಿನಲ್ಲಿ ಮುಂದುವರಿಯಿತು.

2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದ ಸುದ್ದಿ ಬಂದಾಗ ನಾನು ಹೌಸ್‌ಫುಲ್‌ನ ಮನೆಯಲ್ಲಿದ್ದೆ. ಸಂಜೆಗೆ ಕಡಗ ಧಾರವಾಡದಿಂದ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು ಮೂಲೆಯಲ್ಲಿ ಕೂತ. ಬಹಳ ಹೊತ್ತು ಕಡಗವನ್ನು ಮೇಲೆ ಕೆಳಗೆ ಜಾರಿಸುತ್ತಲೇ ಇದ್ದ. ಎದ್ದು ಹೊರಡುವಾಗ, ‘ಗಂಧದ ಗುಡಿ ಲೆಕ್ಕ ಇನ್ನೂ ಮುಗದಿಲ್ಲ, ನೆನಪಿರಲಿ’ ಎಂದ. ಮನೆಯ ಹೆಣ್ಣುಮಕ್ಕಳು ಬೆಚ್ಚಿಬಿದ್ದರು. ಹೌಸ್‌ಫುಲ್ ಮಾತ್ರ ಆಗ ಮೊದಲ ಸಲ ತಲೆ ಎತ್ತಿ, ‘ಮುಗಸೂನ ಬಾ, ಹದಿಮೂರು ದಿನಾ ಹೋಗಲಿ’ ಎಂದ.

2009ರ ಡಿಸೆಂಬರ್ 30, ವಿಷ್ಣುವರ್ಧನ್. ಬೆಳಿಗ್ಗೆಯೇ ಹೌಸ್‌ಫುಲ್ ನನ್ನನ್ನು ಎಬ್ಬಿಸಿಕೊಂಡು ಧಾರವಾಡದ ಬಸ್ಸು ಹತ್ತಿಸಿದ. ದಾರಿಯುದ್ದಕ್ಕೂ ಮಾತಿಲ್ಲ. ಕಡಗನ ಮನೆಯಲ್ಲಿ ಟೀವಿ ಹಚ್ಚಿತ್ತು, ಅವನು ಗೋಡೆಗೆ ಒರಗಿ ಕೂತಿದ್ದ. ಕೈಯಲ್ಲಿ ಕಡಗ ಇರಲಿಲ್ಲ. ತೆಗೆದು ಟೀವಿಯ ಮೇಲೆ ಇಟ್ಟಿದ್ದ. ಹೌಸ್‌ಫುಲ್ ಪಕ್ಕದಲ್ಲಿ ಕೂತು ಗಂಟಲು ಸರಿಮಾಡಿಕೊಂಡ.

‘ಗಂಧದ ಗುಡಿಯೊಳಗ...’ ಎಂದ, ‘ಖರೇ ಹೇಳಬೇಕಂದ್ರ, ನಮ್ಮವರಕಿಂತ ನಿಮ್ಮವರ ಛಲೋ ಮಾಡ್ಯಾರ ಬಿಡ್ರಿ.’

ಕಡಗ ತಿರುಗಿ ನೋಡಿದ. ಕಣ್ಣು ಕೆಂಪಾಗಿತ್ತು.

‘ಮಗನ,’ ಎಂದ, ‘ಅವತ್ತ ನಿಮ್ಮ ಮನಿಗೆ ಬಂದಾಗ ನಾ ಹಿಂಗೇನರ ಸುಳ್ಳ ಹೇಳಿದ್ನೇನು?’